ನನ್ನ ಹೊಗಳಿಕೆಯನ್ನು ನನಗೆ ಹಿಂದಿರುಗಿಸಲು ಕೋರಿ

ಆಸ್ತಿ ರಕ್ಷಣಾ ವಿಭಾಗದ ಮಾನ್ಯರೇ,

ದಿನಬಾಡಿಗೆಯ ಮನೆಗಳನ್ನು ಅತಿಥಿಗಳ ಕೈಯಿಂದ ಕಾಪಾಡುವ ಕೆಲಸದಲ್ಲಿ ಹಗಲಿರುಳು ಮುಳುಗಿರುವ, ಹಾಗೆ ಮುಳುಗಿರುವುದರಿಂದಲೇ ಫೋನಿಗೆ ಸಿಗದಿರುವ ತಮಗೆ, ಮಹಡಿಯ ಮೇಲಿನ ಎರಡು ಕೋಣೆಗಳನ್ನು ತಮ್ಮ ಕಂಪನಿಯ ಮೂಲಕ ಬಾಡಿಗೆಗೆ ಕೊಡುವ ಈ ಮನೆಯೊಡತಿಯ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಕೋಣೆಯ ಬಾಗಿಲು ತಲೆ ಮೇಲಾಗಿಯೇ ನಿಂತಿದೆಯೆಂದೂ ನಂಬಿದ್ದೇನೆ.

ಅತಿಥಿಗಳಿಂದಾದ ಹಾನಿಗೆ ಪರಿಹಾರ ಕೊಡುವ ತಮ್ಮ 'ನೆಮ್ಮದಿ ಕವಚ' ಯೋಜನೆಗೆ ಸೇರಿದಾಗ ತಾವು ಕಳಿಸಿದ ಕೈಪಿಡಿಯನ್ನು ನಾನು ಪರೀಕ್ಷೆಗೆ ಕೂರುವವಳಂತೆ ಓದಿದೆ. ಅದು ಹೇಳಿದಂತೆ ಚಮಚದಿಂದ ಹಿಡಿದು ಪರದೆಯ ಕೊಕ್ಕೆಯವರೆಗೆ ಎಲ್ಲದರ ಫೋಟೋ ತೆಗೆದಿಟ್ಟೆ, ಗೇಟಿಗೆ ಕ್ಯಾಮೆರಾ ಹಾಕಿಸಿದೆ, ಗಾಜಿನ ಲೋಟ ತೆಗೆದು ಸ್ಟೀಲಿನದು ಇಟ್ಟೆ, ಹಾಸಿಗೆಗೆ ನೀರಿಳಿಯದ ಹೊದಿಕೆ ತೊಡಿಸಿದೆ, ಸಿಗರೇಟು ಬೇಡ, ಗದ್ದಲ ಬೇಡ ಎಂಬ ನಿಯಮಗಳನ್ನು ಗೋಡೆಗೆ ಅಂಟಿಸಿದೆ. ಬಾಗಿಲನ್ನು ಬಿಚ್ಚಿ ಇಳಿಸಬೇಡಿ ಎಂದು ಮಾತ್ರ ಬರೆಯಲಿಲ್ಲ. ಆ ಲೋಪ ನನ್ನದೇ ಎಂದು ತಮ್ಮ ಮೊದಲ ಉತ್ತರದಲ್ಲಿ ತಾವು ತೋರಿಸಿಕೊಟ್ಟಿರಿ, ಋಣಿಯಾಗಿದ್ದೇನೆ.

ಕಳೆದ ತಿಂಗಳು ತಾವು ಕಳಿಸಿದ ಅತಿಥಿಗಳು ನಾಲ್ವರು: ಅಪ್ಪ, ಅಮ್ಮ, ಬೆಳೆದ ಇಬ್ಬರು ಹೆಣ್ಣುಮಕ್ಕಳು. ನಾಲ್ಕು ದಿನ ಮೇಲಿನಿಂದ ಟಕ್ ಟಕ್ ಎಂದು ಕೇಳುತ್ತಿತ್ತು. ಯಾರೋ ಕೂತು ಟೈಪ್ ಮಾಡುತ್ತಿದ್ದಾರೆ, ಎಂಥ ಶ್ರದ್ಧೆಯ ಸಂಸಾರ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ಮಲಗುವ ಕೋಣೆಯ ಬಾಗಿಲನ್ನು ಕಳಚಿ, ಊಟದ ಕುರ್ಚಿಗಳ ಮೇಲೆ ಅಡ್ಡ ಹಾಸಿ, ಟೇಬಲ್ ಟೆನಿಸ್ ಆಡುತ್ತಿದ್ದರು. ಹೊರಡುವ ಮುನ್ನ ಬಾಗಿಲನ್ನು ಮತ್ತೆ ಕೂರಿಸಿದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತಲೆಕೆಳಗಾಗಿ ಕೂರಿಸಿದ್ದರಿಂದ ಒಳಗೆ ಮೇಲ್ಗಡೆ ಇದ್ದ ಚಿಲಕ ಈಗ ಹೊರಗೆ, ನೆಲದಿಂದ ನಾಲ್ಕು ಬೆರಳಿನ ಎತ್ತರದಲ್ಲಿದೆ. ಕೈ ತೊಳೆಯುವ ಬೇಸಿನ್ ಮೇಲೆ ಅವರಲ್ಲಿ ಯಾರು ಹತ್ತಿ ಕೂತರೋ ತಿಳಿಯದು. ಗೋಡೆಯಿಂದ ಕಿತ್ತುಬಂದ ಅದನ್ನು ಹಾಸಿಗೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ ಹೋಗಿದ್ದರು. ಗುಡಿಸಲು ಮೇಲೆ ಹೋದ ಕೆಲಸದಾಕೆ ತುದಿಗಾಲಲ್ಲಿ ಇಳಿದುಬಂದು, "ಅಕ್ಕಾ, ಇನ್ನೂ ಒಬ್ರು ಮಲಗಿದ್ದಾರೆ, ಎಬ್ಬಿಸ್ಲಾ ಬೇಡ್ವಾ?" ಎಂದು ಪಿಸುಗುಟ್ಟಿದಳು.

ಇಷ್ಟು ಹೊತ್ತಿಗೆ ನಾನು ಮಾಡಬಾರದ್ದನ್ನು ಮಾಡಿ ಮುಗಿಸಿದ್ದೆ. ಈ ವ್ಯವಹಾರದಲ್ಲಿ ನನಗಿಂತ ಹಳಬಳಾದ ನನ್ನ ತಂಗಿ ಮೊದಲೇ ಪಾಠ ಹೇಳಿಕೊಟ್ಟಿದ್ದಳು: "ಅವ್ರು ಬ್ಯಾಗ್ ಕಾರಿಗೆ ಹಾಕೋಷ್ಟರಲ್ಲೇ ನೀನು ಐದು ಸ್ಟಾರ್ ಒತ್ತಿಬಿಡಕ್ಕ. ಆಮೇಲೆ ನಿನ್ನ ಬೈಯೋಕೆ ಅವ್ರಿಗೆ ಮನಸ್ಸು ಬರಲ್ಲ." ಅದರಂತೆ, ಕಾರಿನ ಡಿಕ್ಕಿ ಇನ್ನೂ ತೆರೆದಿರುವಾಗಲೇ, ಮೆಟ್ಟಿಲ ಕಡೆ ತಿರುಗಿಯೂ ನೋಡದೆ, 'ಇಷ್ಟು ಸಭ್ಯ ಕುಟುಂಬವನ್ನು ನಾನು ಕಂಡಿಲ್ಲ, ನಮ್ಮ ಮನೆಯನ್ನು ನಮಗಿಂತ ಚೆನ್ನಾಗಿ ನೋಡಿಕೊಂಡರು' ಎಂದು ಬರೆದೆ. ಪ್ರತಿಯಾಗಿ ಅವರು ನನಗೂ ಐದು ಕೊಟ್ಟರು. ಆಗ ಆದ ಸಂತೋಷವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ತಮ್ಮ ಎರಡನೆಯ ಉತ್ತರ ನನ್ನ ಈ ವಾಕ್ಯವನ್ನೇ ದಪ್ಪಕ್ಷರದಲ್ಲಿ ಉದ್ಧರಿಸಿ, ಇಷ್ಟು ಚೆನ್ನಾಗಿ ನೋಡಿಕೊಂಡ ಮನೆಗೆ ಹಾನಿಯಾಗಲು ಸಾಧ್ಯವಿಲ್ಲವೆಂದು ತೀರ್ಪು ಕೊಟ್ಟಿತು. ನಾನು ಬರೆದದ್ದನ್ನು ಇಷ್ಟು ಗಮನವಿಟ್ಟು ಈವರೆಗೆ ಯಾರೂ ಓದಿರಲಿಲ್ಲ. ಪರಿಹಾರದ ಆಸೆ ಬಿಟ್ಟೆ. ನನ್ನ ಹೊಗಳಿಕೆಯನ್ನಾದರೂ ಅಳಿಸಿ ಎಂದು ಬೇಡಿಕೊಂಡೆ. ತಮ್ಮ ಸಹಾಯವಾಣಿಯ ಹುಡುಗಿ ನಿಜಕ್ಕೂ ಮರುಗಿ ಹೇಳಿದಳು: "ಬೈದಿದ್ರೆ ತೆಗೀಬಹುದಿತ್ತು ಮೇಡಂ. ನೀವು ಹೊಗಳಿಬಿಟ್ಟಿದ್ದೀರಲ್ಲ, ಅದಕ್ಕೆ ನಮ್ಮಲ್ಲಿ ಬಟನ್ನೇ ಇಲ್ಲ."

ಇಲ್ಲಿಗೆ ಮುಗಿದಿದ್ದರೆ ಬಾಗಿಲನ್ನೂ ಬಾಯಿಯನ್ನೂ ಸರಿಪಡಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮೊನ್ನೆ ಬೇರೆ ಊರಿನ ಒಬ್ಬ ಹೆಣ್ಣುಮಗಳಿಂದ ತಮ್ಮ ಆ್ಯಪಿನಲ್ಲಿ ನನಗೊಂದು ಸಂದೇಶ ಬಂತು. ಗಂಡ ಕಾಲು ಮುರಿದು ಮಲಗಿದ್ದಾನಂತೆ, ಮನೆಯ ಹಿಂಭಾಗವನ್ನು ಮೊದಲ ಸಲ ಬಾಡಿಗೆಗೆ ಬಿಟ್ಟಿದ್ದಾಳಂತೆ. 'ಗೊತ್ತಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಭಯವಿತ್ತು ಅಕ್ಕಾ, ನೀವು ಬರೆದದ್ದು ಓದಿ ಧೈರ್ಯ ಬಂತು, ಶನಿವಾರ ಆ ನಾಲ್ವರೂ ಬರುತ್ತಿದ್ದಾರೆ' ಎಂದು ನನಗೆ ವಂದನೆ ಹೇಳಿದ್ದಳು. ನನಗೂ ಹೀಗೆಯೇ ಧೈರ್ಯ ಬಂದಿತ್ತು. ನನಗಿಂತ ಮುಂಚೆ ಇದೇ ಕುಟುಂಬಕ್ಕೆ ಮನೆ ಕೊಟ್ಟಿದ್ದ ಮಹನೀಯರೊಬ್ಬರು 'ಇವರು ಹೋದ ಮೇಲೆ ಮನೆ ಖಾಲಿ ಖಾಲಿ ಎನಿಸುತ್ತಿದೆ' ಎಂದು ಬರೆದಿದ್ದರು. ಏನೇನು ಖಾಲಿಯಾಗಿತ್ತೆಂದು ಕೇಳುವ ಬುದ್ಧಿ ನನಗಾಗ ಬರಲಿಲ್ಲ.

ಆಕೆಗೆ ಮೂರು ಬಾರಿ ಉತ್ತರ ಬರೆದೆ. ಅತಿಥಿಗಳ ಗೌರವಕ್ಕೆ ಕುಂದು ತರುತ್ತದೆಂದು ಮೂರನ್ನೂ ತಾವು ತಡೆಹಿಡಿದಿರಿ. ಬಾಗಿಲಿಗೆ ಇಲ್ಲದ ಕವಚ, ಬೇಸಿನ್ನಿಗೆ ಇಲ್ಲದ ಕವಚ, ಬಾಗಿಲು ಕಳಚಿದವರ ಮಾನಕ್ಕೆ ಎಷ್ಟು ಭದ್ರವಾಗಿದೆ ಎಂದು ನೋಡಿ ಬೆರಗಾದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಒಂದೇ. ನನ್ನ ಹೊಗಳಿಕೆಯನ್ನು ಅಳಿಸಲಾಗದಿದ್ದರೆ, ತಮ್ಮ ಲಾಂಛನ ಮತ್ತು ಮೊಹರಿನೊಂದಿಗೆ ನನ್ನನ್ನು ಅಧಿಕೃತ ಸುಳ್ಳುಗಾತಿಯೆಂದು ಘೋಷಿಸಿ, ಆ ಪ್ರಮಾಣಪತ್ರವನ್ನು ಹೊಗಳಿಕೆಯ ಕೆಳಗೇ ಅಂಟಿಸಬೇಕು. ಸಾಕ್ಷಿ ಬೇಕೆಂದರೆ ತಾವೇ ದಯಮಾಡಿಸಿ, ಮಹಡಿಯ ಕೋಣೆಯಲ್ಲಿ ಒಂದು ದಿನ ತಂಗಬೇಕು. ಚಿಲಕವನ್ನು ಹೊರಗಿನಿಂದ ನಾನೇ ಹಾಕುತ್ತೇನೆ. ಅದಕ್ಕಾಗಿ ತಮ್ಮ ಮುಂದೆ ಸಾಷ್ಟಾಂಗ ಬೀಳಲೂ ನನಗೆ ಸಂಕೋಚವಿಲ್ಲ.

ತಮ್ಮ ಕವಚದ ನೆರಳಿನಲ್ಲಿ ಬಿಸಿಲು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಮಹಡಿ ಮನೆಯೊಡತಿ

ಮರೆತ ಮಾತು: ಪತ್ರಿಕೆಯ ಪುಟವನ್ನು ತಡೆಹಿಡಿಯುವ ಬಟನ್ ತಮ್ಮಲ್ಲಿ ಇಲ್ಲವೆಂದು ವಿಚಾರಿಸಿಕೊಂಡೇ ಇದನ್ನು ಇಲ್ಲಿ ಅಚ್ಚು ಹಾಕಿಸಿದ್ದೇನೆ. ಆ ಹೆಣ್ಣುಮಗಳಿಗೆ ನಾನು ಬರೆದು ತಾವು ತಡೆಹಿಡಿದ ಮೂರು ಸಂದೇಶಗಳಲ್ಲಿ ಇದ್ದದ್ದು ಇಷ್ಟೇ: ತಂಗೀ, ನಾನು ಬರೆದದ್ದು ಸುಳ್ಳು. ಬೂದು ಬಣ್ಣದ ಕಾರು, ನಾಲ್ಕು ಜನ, ತುಂಬಾ ನಯವಾದ ಮಾತು. ಅವರನ್ನು ಬರಬೇಡಿ ಎನ್ನು. ನಿನಗೆ ಒಂದು ಸ್ಟಾರೂ ಸಿಗದಿರಬಹುದು, ಕೈ ತೊಳೆಯಲು ಬೇಸಿನ್ ಇರುತ್ತದೆ. ಬಿಟ್ಟುಕೊಂಡೆಯಾದರೆ, ಅವರು ಹೊರಟ ಮೇಲೆ ಕೋಣೆಯನ್ನು ನೋಡಿ ಆಮೇಲೆ ಬರೆ. ನೋಡಿದ ಮೇಲೂ ಹೊಗಳಲು ನಿನಗೆ ಕೈ ಬಂದರೆ, ಈ ಮಾನ್ಯರು ತಮ್ಮ ವಿಭಾಗದಲ್ಲೇ ನಿನಗೊಂದು ಕುರ್ಚಿ ಕೊಟ್ಟಾರು.