ನಮ್ಮ ಸಾಲಿ ಹಾಕಿದ ಸೋಗು

ಹಳ್ಳಿ ಸಾಲಿಯಲ್ಲಿ ಕನ್ನಡ ಕಲಿಸುವವರು ಪದದ ಅರ್ಥ ಹುಡುಕಿಕೊಂಡು ಹೋಗಬೇಕಿಲ್ಲ. ಅರ್ಥವೇ ವಾರಕ್ಕೊಮ್ಮೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಎಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನಿಂದ ಬಸ್ ಹಿಡಿದು ಮಸ್ಕಿ ಕಡೆಯ ಒಂದು ಹಳ್ಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಪಾಠ

"ಸೋಗು ಅಂದರೆ ಸುಳ್ಳು ತೋರಿಕೆ" ಎಂದೆ. ಮಕ್ಕಳು ಮಿಕಿಮಿಕಿ ನೋಡಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಅಕ್ಕೋರ, ನಮ್ಮಪ್ಪ ಬಯಲಾಟದಾಗ ಹಾಕ್ತಾನಲ್ರೀ ದ್ರೌಪದಿ ಸೋಗು, ಅದಾ?"

"ಅದೇ. ಮೊದಲು ಆಟದ ವೇಷಕ್ಕ ಆ ಹೆಸರು. ಆಮ್ಯಾಲ ಬದುಕಿನ್ಯಾಗ ಹಾಕೋ ವೇಷಕ್ಕೂ ಅದ ಬಂತು."

"ಹಂಗಾರ ನಮ್ಮಪ್ಪ ಸುಳ್ಳಗಾರ ಏನ್ರೀ?"

"ಇಲ್ಲವಾ. ಹೇಳಿ ಹಾಕಿದ್ರ ಆಟ, ಹೇಳದ ಹಾಕಿದ್ರ ಸುಳ್ಳು."

ಹುಡುಗಿಗೆ ಸಮಾಧಾನವಾಯಿತು. "ನಮ್ಮವ್ವಗ ಅಪ್ಪ ದ್ರೌಪದಿ ಆದಾಗಷ್ಟ ಚೆಂದ ಕಾಣ್ತಾನಂತ್ರೀ" ಎಂದು ಕೂತಳು.

ತೋಟ

ಮರುವಾರ ಲಿಂಗಸುಗೂರಿನಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ನನ್ನ ನೌಕರಿ ಖಾಯಂ ಆಗುವುದು ಅವರು ಬರೆಯುವ ನಾಲ್ಕು ಸಾಲಿನ ಮೇಲೆ. ಸಾಲಿ ತೋಟದಲ್ಲಿದ್ದದ್ದು ಮೂರು ಆಡು ಮಾತ್ರ. "ನಾಳೆ ಮುಂಜಾನೆ ತೋಟ ಬೇಕು" ಎಂದು ಹಿಂದಿನ ದಿನ ಹೆಡ್‌ಮಾಸ್ತರರು ಮಕ್ಕಳಿಗೆ ಅಪ್ಪಣೆ ಕೊಟ್ಟರು.

ಬೆಳಗಾಗುವುದರೊಳಗೆ ಊರ ಅಂಗಳವೆಲ್ಲ ಸಾಲಿಗೆ ಬಂದಿತ್ತು: ಎಣ್ಣೆ ಡಬ್ಬಿಯಲ್ಲಿ ಕನಕಾಂಬರ, ಒಡಕು ಕೊಡದಲ್ಲಿ ಮಲ್ಲಿಗೆ, ಹತ್ತಾರು ತುಳಸಿ. ಸಾಹೇಬರು ಪೂಜೆಯ ಬಳೆ ತೊಟ್ಟ ಒಂದು ತುಳಸಿಯ ಮುಂದೆ ನಿಂತರು.

"ಗಿಡಕ್ಕ ಹಸಿರು ಬಳಿ ಯಾರು ಇಡ್ಸಿದ್ರೀ?"

ಹೆಡ್‌ಮಾಸ್ತರರು ತಡವರಿಸಲಿಲ್ಲ. "ಮಕ್ಕಳರೀ ಸರ್, ಕೈಗೆಲಸದ ಪಿರಿಯಡ್‌ನ್ಯಾಗ."

ಉದಾಹರಣೆ

ಸಾಹೇಬರು ನನ್ನ ತರಗತಿಗೆ ಬಂದು ಕರಿಹಲಗೆಯ ಪದಪಟ್ಟಿ ನೋಡಿದರು. "ಸೋಗು ಅಂದ್ರೇನು?"

ಅದೇ ಹುಡುಗಿ ಎದ್ದಳು. "ಬಯಲಾಟದಿಂದ ಬಂದದ್ರೀ. ಹೇಳಿ ಹಾಕಿದ್ರ ಆಟ, ಹೇಳದ ಹಾಕಿದ್ರ ಸುಳ್ಳರೀ."

"ಶಾಬಾಸ್. ಒಂದು ಉದಾಹರಣೆ ಕೊಡು."

ಹುಡುಗಿ ಕಿಟಕಿಯಾಚೆ ತೋಟ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

"ನಮ್ಮಪ್ಪ ದ್ರೌಪದಿ ಆಗ್ತಾನ್ರೀ" ಎಂದಳು ಪುಣ್ಯಾತ್ಗಿತ್ತಿ.

ನಾನು ಉಸಿರು ಬಿಡುವಷ್ಟರಲ್ಲಿ ಬಾಗಿಲಲ್ಲಿ ಅವಳ ಅವ್ವ. ಹಿಂದೆ ಓಣಿಯ ಹೆಂಗಸರ ಸಾಲು.

"ಅಕ್ಕೋರ, ಸಾಹೇಬ್ರು ನೋಡಿದ್ದು ಮುಗೀತೇನ್ರೀ? ನಮ್ಮ ತುಳಸಿ ಕೊಡ್ರಿ. ನೀರು ಹಾಕ್ದ ನಾ ಚಾ ಕುಡಿಯಂಗಿಲ್ಲ. ಹನ್ನೆರಡಾತು, ತಲಿ ಸಿಡಿಯಾಕತ್ತೈತಿ."

ಸಾಹೇಬರು ಪೆನ್ನು ತೆಗೆದರು. ನೌಕರಿ ಹೋಯಿತು ಎಂದುಕೊಂಡೆ.

ತಿಂಗಳ ನಂತರ ಖಾಯಂ ಆದೇಶ ಬಂತು. ಜೊತೆಗೆ ಅವರ ವರದಿಯ ಪ್ರತಿ: "ಶಿಕ್ಷಕಿಯು ಪದಗಳ ಅರ್ಥವನ್ನು ಪ್ರಾತ್ಯಕ್ಷಿಕೆ ಸಹಿತ ಕಲಿಸುತ್ತಾರೆ. ಇಡೀ ಶಾಲೆ ಸಹಕರಿಸುತ್ತದೆ."