ಒತ್ತಕ್ಷರದ ಒತ್ತುವರಿ

ನಮ್ಮ ಸೋದರಮಾವ ಅಳೆಯದೆ ಬಿಟ್ಟ ವಸ್ತು ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕಿನಲ್ಲಿ ಯಾವುದಾದರೂ ಉಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವರಿಗೆ ಮಾತ್ರ ತಿಳಿಸಬೇಡಿ!

ಮೂವತ್ತೈದು ವರ್ಷ ಸರ್ವೆಯರ್ ಆಗಿದ್ದವರು. ಎಲ್ಲರೂ ನಿವೃತ್ತರಾದ ದಿನ ಮನೆಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ತರುತ್ತಾರೆ. ಮಾವ ಅವುಗಳನ್ನೆಲ್ಲ ಬೀಳ್ಕೊಡುಗೆಯ ಕುರ್ಚಿಯ ಮೇಲೇ ಮರೆತು, ಅಳತೆ ಟೇಪನ್ನು ಮಾತ್ರ ಜೋಬಿನಲ್ಲಿಟ್ಟುಕೊಂಡು ಬಂದರು. ಅಂದಿನಿಂದ ಆ ಟೇಪಿಗೆ ಬಿಡುವಿಲ್ಲ. ಅತ್ತೆ ಹುಯ್ದ ದೋಸೆಯ ಅಗಲ, ಹೊಸಲಿನ ಎತ್ತರ, ಎದುರು ಮನೆಯವರ ಕರು ನಮ್ಮ ಅಂಗಳದೊಳಗೆ ಎಷ್ಟು ಅಡಿ ಬಂದು ಮಲಗಿದೆ ಎಂಬುದು, ಎಲ್ಲಕ್ಕೂ ಲೆಕ್ಕವಿದೆ.

ನನ್ನ ಮದುವೆಯ ಕಥೆ ಕೇಳಿ. ಶಿಕಾರಿಪುರದ ನಮ್ಮ ಮನೆ ಮುಂದೆ ಚಪ್ಪರ ಹಾಕಿತ್ತು. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಮಾವ ಟೇಪು ಬಿಚ್ಚಿ, ಒಂದು ಕಂಬ ಪಕ್ಕದ ಮನೆಯವರ ಜಾಗದೊಳಗೆ ಒಂದೂವರೆ ಅಡಿ ನುಗ್ಗಿದೆ ಎಂದು ಕಂಡುಹಿಡಿದರು. ಪಕ್ಕದ ಮನೆಯವರೇ "ಇರ್ಲಿ ಬಿಡ್ರೀ, ನಮ್ಮ ಹುಡುಗಿ ಮದ್ವಿ" ಎಂದು ಬೇಡಿಕೊಂಡರು. ಕೇಳುವವರು ಯಾರು? ಕಂಬ ಕಿತ್ತರು. ಚಪ್ಪರ ವಾಲಿತು. ಬಾಸಿಂಗ ಕಟ್ಟಿಕೊಂಡು ಬಂದ ಮದುಮಗನೇ ಓಡಿ ಹೋಗಿ ವಾಲುತ್ತಿದ್ದ ಇನ್ನೊಂದು ಕಂಬಕ್ಕೆ ಆಸರೆ ಕೊಟ್ಟ. ಫೋಟೊ ಇದೆ, ಬೇಕಾದರೆ ತೋರಿಸುತ್ತೇನೆ. ನನ್ನ ಕೈ ಹಿಡಿಯುವ ಮೊದಲು ನನ್ನ ಗಂಡ ಹಿಡಿದದ್ದು ಆ ಕಂಬವನ್ನು.

ಹೋಗಲಿ, ಮದುವೆ ಒಂದು ದಿನದ್ದು. ನನ್ನ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ನಾನು ಸೊರಬ ತಾಲ್ಲೂಕಿನಲ್ಲಿ, ಜಡೆ ಎಂಬ ಊರಿನ ಬಸ್ಸಿನಲ್ಲಿ ಹೋಗಿ ನಡುವೆ ಇಳಿದು ಒಂದು ಮೈಲಿ ನಡೆಯಬೇಕಾದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಅದು ಅತ್ತೆಯ, ಅಂದರೆ ಮಾವನ ಹೆಂಡತಿಯ, ತವರೂರು. ನಿವೃತ್ತರಾದ ಮಾವ, ಇಷ್ಟು ದೊಡ್ಡ ಜಿಲ್ಲೆಯಲ್ಲಿ ಬೇರೆಲ್ಲೂ ಜಾಗವೇ ಇಲ್ಲವೆಂಬಂತೆ, ಬಂದು ಮನೆ ಮಾಡಿದ್ದು ಅದೇ ಊರಿನಲ್ಲಿ. ಶಾಲೆಯ ಕಾಂಪೌಂಡಿನಿಂದ ಇನ್ನೂರ ಹನ್ನೆರಡು ಅಡಿ. ಅಳೆದದ್ದು ನಾನಲ್ಲ.

ಸರ್ಕಾರಿ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ಎಂಬ ಕಾರ್ಯಕ್ರಮವಿದೆ. ಊರಿನವರನ್ನು ಕರೆದು, ಮಕ್ಕಳು ವರ್ಷದಲ್ಲಿ ಏನು ಕಲಿತರು, ಶಾಲೆ ಎಷ್ಟು ಮುಂದೆ ಹೋಯಿತು ಎಂಬುದನ್ನು ಎದುರಿಗೇ ತೋರಿಸಿ ಒಪ್ಪಿಸಬೇಕು. ಹೇಳುವುದಕ್ಕೆ ಬಲು ಚೆಂದ. ನಡೆಯುವುದು ಹೇಗೆ? ಹೆಡ್ ಮೇಷ್ಟ್ರು ವರದಿ ಓದುತ್ತಾರೆ. ಚುರುಕಾದ ಇಬ್ಬರು ಹುಡುಗಿಯರು ಪದ್ಯ ಹಾಡುತ್ತಾರೆ. ಬಂದ ಏಳೆಂಟು ತಂದೆ ತಾಯಿಯರು ಪ್ರಗತಿ ಪತ್ರಕ್ಕೆ ತೋರಿಸಿದಲ್ಲಿ ಸಹಿ ಹಾಕಿ, ಮಂಡಕ್ಕಿ ತಿಂದು, ಟೀ ಕುಡಿದು ಹೋಗುತ್ತಾರೆ. ಎಲ್ಲರಿಗೂ ಸುಖ.

ಮಾವ ಊರಿಗೆ ಬಂದ ವರ್ಷ ಆ ಸುಖ ಮುಗಿಯಿತು. ಅವರಿಗೆ ಮಕ್ಕಳಿಲ್ಲ. ನೀವು ಯಾವ ಮಗುವಿನ ಪೋಷಕರು ಎಂದು ಹೆಡ್ ಮೇಷ್ಟ್ರು ಸಂಕೋಚದಿಂದಲೇ ಕೇಳಿದರು. "ಬೋರ್ಡಿನ ಮ್ಯಾಲೆ ಸಮುದಾಯ ಅಂತ ಬರ್ದೀರಲ್ರಿ," ಎಂದರು ಮಾವ, ಮುಂದಿನ ಸಾಲಿನ ಕುರ್ಚಿ ಎಳೆದು ಕೂರುತ್ತ. "ನಾನು ಅದೇ."

ಅಂದೇ ಮೊದಲ ಮಹಜರು ಹುಟ್ಟಿತು. ಜಮೀನಿನ ತಂಟೆ ಬಂದಾಗ ಜಾಗಕ್ಕೆ ಹೋಗಿ, ಕಂಡದ್ದನ್ನು ಸಾಕ್ಷಿಗಳಾದ ಐದು ಜನ ಪಂಚರ ಮುಂದೆ ಬರೆದು, ಓದಿ ಹೇಳಿ ಸಹಿ ಹಾಕಿಸುತ್ತಾರಲ್ಲ, ಆ ಮಹಜರು. ಮಾವ ಬರೆದರು: "ಈ ದಿನ ನಾವು ಕೆಳಗೆ ಸಹಿ ಮಾಡಿರುವ ಪಂಚರು ಶಾಲಾ ಆವರಣದಲ್ಲಿ ಹಾಜರಿದ್ದು ನೋಡಲಾಗಿ, ಪೂರ್ವಕ್ಕೆ ಅಡುಗೆ ಕೋಣೆ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ನೀರಿನ ಟ್ಯಾಂಕು, ಇದರ ಮಧ್ಯೆ ಇರುವ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇರುವುದಿಲ್ಲ." ಮೂರು ವರ್ಷದಿಂದ ನಾವು ಬರೆದ ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಆ ಮಹಜರು ಹೋದ ಹದಿನೈದೇ ದಿನಕ್ಕೆ ಬಾಗಿಲು ಬಂತು! ಹೆಡ್ ಮೇಷ್ಟ್ರು ಮಾವನಿಗೆ ಕೈಮುಗಿದರು. ಅದೇ ಅವರು ಮಾಡಿದ ತಪ್ಪು.

ಹುರುಪು ಬಂದ ಮಾವ ಪ್ರತಿ ಶನಿವಾರ ಬೆಳಗ್ಗೆ ಶಾಲೆಗೆ ಬರತೊಡಗಿದರು. ಬಿಸಿಯೂಟದ ಸಾರಿನಲ್ಲಿ ಬೇಳೆ ತಳದಿಂದ ಎಷ್ಟು ಇಂಚಿನವರೆಗೆ ಇದೆ ಎಂದು ಸೌಟು ಅದ್ದಿ ನೋಡಿದರು. ಅಡುಗೆಯ ಅಮ್ಮ ಸೌಟು ಕಸಿದುಕೊಂಡು, "ಎಂತದು ಮಾರಾಯ್ರೆ, ಸಾರಿಗೂ ಗಡಿ ಹಾಕಿ ಹದ್ದುಬಸ್ತು ಮಾಡ್ತ್ರಾ?" ಎಂದ ಮೇಲೆ ಆ ಕಡೆ ಹೋಗುವುದು ಬಿಟ್ಟು ತರಗತಿಗೆ ಬಂದರು. ಅದೂ ಯಾರ ತರಗತಿಗೆ? ಸ್ವಂತ ಸೋದರಸೊಸೆಯದ್ದಕ್ಕೆ.

ಅವರ ಕ್ರಮ ಸರಳ. ಮಗು ಪುಸ್ತಕ ಓದಬೇಕು. ಎಲ್ಲಿ ತಡವರಿಸಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು. ಅದಕ್ಕೆ ಅವರು ಬಾಂದು ಕಲ್ಲು ಎನ್ನುತ್ತಿದ್ದರು, ಹೊಲದ ಗಡಿಗೆ ನೆಡುವ ಕಲ್ಲು. ಮುಂದಿನ ತಿಂಗಳು ಮತ್ತೆ ಓದಿಸಿ, ಕಲ್ಲು ಎಷ್ಟು ಸಾಲು ಸರಿದಿದೆ ಎಂದು ನೋಡುವುದು. "ಹೊಲದಾಗ ಕಲ್ಲು ಸರಿದ್ರ ಜಗಳ. ಇಲ್ಲಿ ಸರೀದಿದ್ರ ಜಗಳ" ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ತಕ್ಷಣ ಬೋರ್ಡು ಒರೆಸಲು ತಿರುಗಿಬಿಡುತ್ತಿದ್ದೆ. ಯಾಕೆಂದರೆ ನನ್ನ ತರಗತಿಯಲ್ಲಿ ಕಾವ್ಯ ಇದ್ದಳು.

ಕಾವ್ಯ ನಾಲ್ಕನೆಯ ತರಗತಿ. ಅವಳಪ್ಪ ಶಿಕಾರಿಪುರದ ಕಡೆಯವನು, ಇಲ್ಲಿ ಎರಡೆಕರೆ ಹೊಲ ಮಾಡಿಕೊಂಡು ಕುರಿ ಸಾಕಿದ್ದಾನೆ. ಹುಡುಗಿ ಬಿಡಿ ಅಕ್ಷರ ಓದುತ್ತಿದ್ದಳು, ಕಾಗುಣಿತ ಓದುತ್ತಿದ್ದಳು, ಒತ್ತಕ್ಷರ ಬಂತೆಂದರೆ ಮಾತ್ರ ಮಳೆ ಬಂದಾಗ ನಿಲ್ಲುವ ಕುರಿಯಂತೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು. ತನ್ನ ಹೆಸರನ್ನೇ 'ಕಾವಯ' ಎಂದು ಬರೆಯುತ್ತಿದ್ದಳು. ಉಳಿದ ಮಕ್ಕಳು ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಅವಳಪ್ಪ ಒಮ್ಮೆ ನನಗೆ ಹೇಳಿಹೋಗಿದ್ದ, ಓದು ಹತ್ತಲಿಲ್ಲವೆಂದರೆ ಸುಮ್ಮನೆ ಯಾಕೆ, ಬಿಡಿಸಿ ಕುರಿಯ ಹಿಂದೆ ಕಳಿಸುತ್ತೇನೆ ಎಂದು. ಹಾಗಾಗಿ ನಾನು ಅವಳ ಪ್ರಗತಿ ಪತ್ರದಲ್ಲಿ ಓದಿನ ಮುಂದೆ 'ಎ' ಎಂದು ಬರೆದಿದ್ದೆ. ಹುಡುಗಿಯನ್ನು ಉಳಿಸಲು ಬರೆದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನನ್ನ ಮರ್ಯಾದೆ ಉಳಿಸಲು ಬರೆದದ್ದೂ ಹೌದು, ಈಗ ಮುಚ್ಚಿಡುವುದೇನು.

ಮಾವ ಬರುವ ಶನಿವಾರ ಮಾತ್ರ ಅವಳನ್ನು ಶಾಲೆಯ ಕೈತೋಟಕ್ಕೆ ನೀರು ಹಾಕಲು ಕಳಿಸುತ್ತಿದ್ದೆ. ಆ ವರ್ಷ ನಮ್ಮ ಬದನೆ, ಟೊಮೆಟೊ ಬಂದ ಹಾಗೆ ಇಡೀ ಹೋಬಳಿಯಲ್ಲಿ ಯಾವ ಶಾಲೆಯಲ್ಲೂ ಬರಲಿಲ್ಲ.

ವರ್ಷದ ಕೊನೆಯ ಸಮುದಾಯದತ್ತ ಶಾಲೆಯ ದಿನ ಬಂತು. ವರದಿಯಾಯಿತು, ಪದ್ಯವಾಯಿತು. ಮಂಡಕ್ಕಿಯ ವಾಸನೆ ಬರುತ್ತಿತ್ತು. ಇನ್ನೇನು ಪಾರಾದೆ ಎಂದುಕೊಳ್ಳುವಷ್ಟರಲ್ಲಿ ಮಾವ ಎದ್ದು ನಿಂತು, ಕಾವ್ಯಳನ್ನು ಕರೆದು ಪುಸ್ತಕ ಕೈಗಿಟ್ಟರು. ಅವಳು ಒಂದು ಸಾಲು ಓದಿದಳು. ಎರಡನೆಯ ಸಾಲಿನಲ್ಲಿ 'ಸೂರ್ಯ' ಇತ್ತು. ನಿಂತಳು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವಳು ಅಳಲೂ ಇಲ್ಲ, ಪುಸ್ತಕ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಅವಳಪ್ಪ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದ. "ಎ ಕೊಟ್ಟೀರಿ ಮೇಡಮ್ಮರೆ. ನಾನೂ ಸಹಿ ಮಾಡೀನಿ," ಎಂದ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಾಚಿಕೊಂಡು ಹೇಳಿದ. "ಸಾಕು ಬಿಡ್ರಿ. ನಾಳಿಂದ ಕುರಿ ಹಿಂದ ಬರ್ಲಿ."

"ಕುಂದ್ರಪ್ಪ ಒಂದೀಟು," ಎಂದರು ಮಾವ. "ಮಹಜರು ಮುಗಿದಿಲ್ಲ."

ಅಲ್ಲೇ ಕೂತು ಬರೆದರು. ಕಾಲು ಗಂಟೆ. ಯಾರೂ ಮಂಡಕ್ಕಿಗೂ ಏಳಲಿಲ್ಲ. ಬರೆದು ಮುಗಿಸಿ ಕಾಗದವನ್ನು ನನ್ನ ಕೈಗೇ ಕೊಟ್ಟು ಓದು ಎಂದರು. ಮಹಜರನ್ನು ಎಲ್ಲರೆದುರು ಓದಿ ಹೇಳಲೇಬೇಕು, ಅದು ನಿಯಮ. ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಇರುತ್ತದೆ ಎಂದುಕೊಂಡು ಶುರುಮಾಡಿದೆ.

"ಸದರಿ ವಿದ್ಯಾರ್ಥಿನಿಯ ಒಂದು ವರ್ಷವು ಈ ಕೆಳಕಂಡವರಿಂದ ಒತ್ತುವರಿಯಾಗಿರುತ್ತದೆ. ಒಂದನೇ ಒತ್ತುವರಿದಾರರು ನಿವೃತ್ತ ಸರ್ವೆಯರ್. ಪ್ರತಿ ಶನಿವಾರ ಇವರ ಭಯಕ್ಕೆ ಸದರಿ ವಿದ್ಯಾರ್ಥಿನಿಯನ್ನು ಪಾಠ ಬಿಡಿಸಿ ಗಿಡಕ್ಕೆ ನೀರು ಹಾಕಲು ಕಳಿಸಲಾಗಿರುತ್ತದೆ. ಎರಡನೇ ಒತ್ತುವರಿದಾರರು ತರಗತಿಯ ಶಿಕ್ಷಕಿ. ಇಲ್ಲದ ಓದನ್ನು ಇದೆಯೆಂದು ದಾಖಲಿಸಿರುತ್ತಾರೆ. ಮೂರನೇ ಒತ್ತುವರಿದಾರರು ತಂದೆ. ಹಾಜರಿ ಪುಸ್ತಕದ ಪ್ರಕಾರ, ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ಕುರಿಯ ಸಂಗಡ ಕರೆದೊಯ್ದಿರುತ್ತಾರೆ. ಮೂವರೂ ಒಂದು ವರ್ಷದೊಳಗೆ ಒತ್ತುವರಿ ತೆರವುಗೊಳಿಸತಕ್ಕದ್ದು. ಅಲ್ಲಿಯವರೆಗೆ ಸದರಿ ವಿದ್ಯಾರ್ಥಿನಿಯನ್ನು ಶಾಲೆಯಿಂದ ಯಾರೂ ಕದಲಿಸತಕ್ಕದ್ದಲ್ಲ."

ಮಾವ ಮೊದಲು ಸಹಿ ಮಾಡಿದರು. ನಾನು ಮಾಡಿದೆ. ಕಾವ್ಯಳ ಅಪ್ಪ ಬಹಳ ಹೊತ್ತು ಕಾಗದ ನೋಡಿದ, ಸರ್ಕಾರಿ ಕಾಗದದ ಮುಂದೆ ನಮ್ಮ ಜನಕ್ಕೆ ಇರುವ ಹೆದರಿಕೆಯೋ ಏನೋ, ಅವನೂ ಮಾಡಿದ. ಅದು ಸರ್ಕಾರಿ ಕಾಗದವೇ ಅಲ್ಲ, ಮಾವನ ಮನೆಯ ಕ್ಯಾಲೆಂಡರಿನ ಹಿಂಬದಿ ಎಂದು ಯಾರೂ ಹೇಳಲಿಲ್ಲ. ಟೀ ಕುಡಿಯುವಾಗ ನಾನು ಮೆಲ್ಲಗೆ, ಗಿಡದ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಬದ್ನಿಕಾಯಿ ಅಷ್ಟು ಚೆಂದ ಬರಬಾರ್ದವ್ವ," ಎಂದರು.

ಅಂದಿನಿಂದ ಮಾವ ಶನಿವಾರದ ತಪಾಸಣೆ ನಿಲ್ಲಿಸಿದರು. ಬದಲಿಗೆ ದಿನವೂ ಮಧ್ಯಾಹ್ನ ಮಕ್ಕಳ ಊಟ ಮುಗಿಯುವ ಹೊತ್ತಿಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು, ಪಕ್ಕದಲ್ಲಿ ಕಾವ್ಯ. ನಾನು ಐದು ವರ್ಷ ತರಬೇತಿ ಮೇಲೆ ತರಬೇತಿ ಪಡೆದವಳು, ಒತ್ತಕ್ಷರವನ್ನು ಹೀಗೆ ಹೇಳಿಕೊಡಬಹುದೆಂದು ಯಾರೂ ನನಗೆ ಹೇಳಿರಲಿಲ್ಲ. ಮೇಲಿನ ಅಕ್ಷರ ಜಮೀನಿನ ಖಾತೆದಾರ. ಕೆಳಗೆ ಇನ್ನೊಬ್ಬ ಬಂದು ಒತ್ತುವರಿ ಮಾಡಿದ್ದಾನೆ. ಜಾಗ ಸಾಲದೆ ಮೇಲಿನವನು ಅರ್ಧ ಉಸಿರು ಹಿಡಿದು ನಿಂತಿದ್ದಾನೆ. ಹಾಗಾಗಿ ಅವನನ್ನು ಅರ್ಧ ಉಸಿರಿನಲ್ಲಿ ಅಂದು, ಕೆಳಗಿನವನನ್ನು ಪೂರ್ತಿ ಅನ್ನಬೇಕು. ಅಪ್ಪ, ಅಕ್ಕ, ಅಮ್ಮ ಇವೆಲ್ಲ ಜಂಟಿ ಖಾತೆ, ಮೇಲೂ ಕೆಳಗೂ ಒಂದೇ ಮನೆಯವರು, ತಂಟೆಯಿಲ್ಲ. 'ಸರ್ಕಾರ' ಬಂದಾಗ ಮಾತ್ರ ಎಚ್ಚರ: ಮೊದಲು ಅನ್ನಬೇಕಾದ ರಕಾರ ಅರ್ಕಾವತ್ತಾಗಿ ಕೊನೆಗೆ ಹೋಗಿ ಕೂತಿರುತ್ತದೆ. ಸರ್ಕಾರದ ಕೆಲಸ ಹಾಗೇ ಎಂದು ಮಾವ ಸಮಾಧಾನ ಹೇಳಿದರು.

ಒಂದು ದಿನ ಕಾವ್ಯ ಕೇಳಿದಳಂತೆ: "ಸರ, ಒತ್ತುವರಿ ಆದ್ರ ಇದನ್ನ ತೆರವು ಮಾಡ್ಸಬಹುದಲ್ರಿ?"

"ಮಾಡ್ಸಬಹುದು. ತೆರವು ಮಾಡ್ಸಿದ್ರ ನೀ ಮತ್ತ ಕಾವಯ ಆಗ್ತೀ ನೋಡು."

ಅವಳು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳಂತೆ. ಸುಗ್ಗಿ ಮುಗಿದಾಗ ಅವಳಪ್ಪ ಕುರಿಗಳನ್ನು ಹೊಡೆದುಕೊಂಡು ಒಬ್ಬನೇ ಹೋದ. ಅದಕ್ಕೂ ಮೊದಲೇ, ಆ ವರ್ಷದ ಮೊದಲ ಪ್ರಗತಿ ಪತ್ರದಲ್ಲಿ ನಾನೂ 'ಸಿ' ಎಂದು ಬರೆದಿದ್ದೆ. ಅರ್ಧ ವರ್ಷಕ್ಕೆ ಅದು ನಿಜವಾಗಿಯೇ 'ಬಿ' ಆಗಿತ್ತು.

ಮತ್ತೆ ಆ ದಿನ ಬಂತು. ಈ ಸಲ ಮಾವ ಪುಸ್ತಕ ಕೊಡಲಿಲ್ಲ. ಚೀಲದಿಂದ ಹಳೆಯ ಕ್ಯಾಲೆಂಡರ್ ಹಾಳೆ ತೆಗೆದು, "ಇದನ್ನ ಓದವ್ವ" ಎಂದರು. ಕಾವ್ಯ ಓದತೊಡಗಿದಳು. 'ಸದರಿ ವಿದ್ಯಾರ್ಥಿನಿಯ' ಎಂಬಲ್ಲಿ ನಾನು ಉಸಿರು ಹಿಡಿದೆ. ಅವಳು ನಿಲ್ಲದೆ ದಾಟಿದಳು. ಒಂದನೇ ಒತ್ತುವರಿದಾರರು ನಿವೃತ್ತ ಸರ್ವೆಯರ್ ಎಂದು ಓದಿದವಳು ಅಲ್ಲಿ ಥಟ್ಟನೆ ನಿಂತಳು. ಅವಳಪ್ಪ ಕುರ್ಚಿಯ ತುದಿಗೆ ಬಂದ.

"ಯಾಕವ್ವ, ಯಾವ ಅಕ್ಷರ?" ಎಂದರು ಮಾವ.

"ಅಕ್ಷರ ಬರ್ತಾವ್ರಿ," ಎಂದಳು ಕಾವ್ಯ. "ಬರ್ದಿದ್ದು ಸುಳ್ಳೈತ್ರಿ."

ನನ್ನ ಮುಂದಿನ ಮೇಜಿನಿಂದ ಪೆನ್ನು ತೆಗೆದುಕೊಂಡು, ಹಾಳೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬಗ್ಗಿ ಬರೆದಳು. ಒಂದೊಂದೇ ಅಕ್ಷರ, ಒತ್ತಿ ಒತ್ತಿ. ಬರೆದು ಹಾಳೆಯನ್ನು ಮಾವನಿಗೆ ಕೊಟ್ಟಳು. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು, ಮತ್ತೆ ಕನ್ನಡಕವನ್ನೇ ತೆಗೆದು ಒರೆಸತೊಡಗಿದರು. ಹಾಳೆ ನನ್ನ ಕಡೆ ಬಂತು. ನಿಯಮವಲ್ಲವೇ, ನಾನೇ ಓದಿದೆ.

"ಒಂದನೇ ಒತ್ತುವರಿದಾರರು ನನಗೆ ನನ್ನ ಹೆಸರು ಬರೆಯಲು ಕಲಿಸಿರುತ್ತಾರೆ. ಇಂತಿ, ಕಾವ್ಯ."

ಒತ್ತಕ್ಷರ ಒಂದೂ ತಪ್ಪಿರಲಿಲ್ಲ. ನಾನು ಅತ್ತುಬಿಟ್ಟೆ. ಹೆಡ್ ಮೇಷ್ಟ್ರು ಎದ್ದು ಹೋಗಿ, ಆಗಲೇ ಕುದಿದಿದ್ದ ಟೀ ಕುದಿಯಿತೇ ಎಂದು ನೋಡಿ ಬಂದರು.

"ಮೂವತ್ತೈದು ವರ್ಷ, ಸರಿದ ಕಲ್ಲನ್ನೆಲ್ಲ ಹಿಂದಕ್ಕ ತಂದು ನಿಲ್ಸೀನಿ," ಎಂದರು ಮಾವ, ಯಾರಿಗೆ ಹೇಳುತ್ತಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ. "ಸರಿದಿದ್ದು ನೋಡಿ ಸಂತೋಷ ಆಗಿದ್ದು ಇದೊಂದೇ."

ಆಮೇಲೆ ಅವಳ ಹೆಸರಿನ ಕೆಳಗೆ ಪೋಷಕರು ಸಹಿ ಮಾಡುವ ಜಾಗ ಬಿಟ್ಟು, ಪಕ್ಕದಲ್ಲಿ ಪಂಚರಿಗೆಂದು ಒಂದು ಗೆರೆ ಎಳೆದು ಸಹಿ ಹಾಕಿದರು. ಒರೆಸಿದ ಕನ್ನಡಕ ಇನ್ನೂ ಎಡಗೈಯಲ್ಲೇ ಇತ್ತು. ಸಹಿ ಗೆರೆ ದಾಟಿ, ಪೋಷಕರ ಜಾಗದೊಳಗೆ ಪೂರ್ತಿ ಹೋಗಿಬಿಟ್ಟಿತು. ಕಾವ್ಯಳ ಅಪ್ಪ ಅದನ್ನು ನೋಡಿದ. ಉಳಿದ ಮೂಲೆಯಲ್ಲಿ ತನ್ನ ಸಹಿಯನ್ನು ಚಿಕ್ಕದಾಗಿ ಹಾಕಿದ. ಟೇಪು ಮಾವನ ಜೋಬಿನಲ್ಲೇ ಇತ್ತು. ಯಾರೂ ಅಳೆಯಲಿಲ್ಲ.