ಹತ್ತು ಸೆಂಟಿಮೀಟರ್ ವಿಚಾರವಾಗಿ ಕಟಿಂಗ್ ಮಷೀನ್ ಅವರಿಗೊಂದು ಬಹಿರಂಗ ದೂರು

ಇವರಿಗೆ,
ಶ್ರೀಮಾನ್ ಕಟಿಂಗ್ ಮಷೀನ್ ಅವರು,
ಎಡಗೋಡೆಯ ಕೆಳಗಿನ ಹಲಗೆ,
ಹಿಂದೆ ಸ್ಕೂಟರ್ ನಿಲ್ಲಿಸುತ್ತಿದ್ದ, ಈಗ ವರ್ಕ್‌ಶಾಪ್ ಎಂದು ನಾನೊಬ್ಬನೇ ಕರೆಯುವ ಕೊಠಡಿ.

ಮಾನ್ಯರೇ,

ತಮ್ಮ ಹಲ್ಲುಗಳು ಸದಾ ಚೂಪಾಗಿರಲಿ, ತಮ್ಮ ವೈರು ಎಲ್ಲಿಯೂ ಸುಲಿಯದಿರಲಿ, ತಮ್ಮ ಮೋಟಾರು ತಣ್ಣಗಿರಲಿ ಎಂದು ಹಾರೈಸುತ್ತಾ, ತಮ್ಮ ನೆರೆಯಲ್ಲಿ ವಾಸವಾಗಿರುವ ಡ್ರಿಲ್ ಮಷೀನಿಗೂ ಉಜ್ಜುವ ಮಷೀನಿಗೂ ಎರಡು ಕ್ಲಾಂಪುಗಳಿಗೂ (ಮೂರನೆಯದು ಎಲ್ಲಿದೆಯೆಂದು ತಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸುವುದು) ನನ್ನ ನಮಸ್ಕಾರಗಳನ್ನು ಒಪ್ಪಿಸುತ್ತಾ, ಈ ಕೆಳಗೆ ಸಹಿ ಮಾಡಿರುವ ನಾನು ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನಗೆ ಕೈ ಕೊಟ್ಟಿದ್ದೀರಿ. ಅದೂ ಒಂದು ಕೂದಲೆಳೆಯಷ್ಟೂ ತಪ್ಪು ಮಾಡದೆ ಕೈ ಕೊಟ್ಟಿದ್ದೀರಿ. ತಪ್ಪು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು, ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ತಾವು ಈ ಮನೆಗೆ ಬಂದು ಐದು ತಿಂಗಳಾಗಿರುವುದರಿಂದ ನನ್ನ ಪೂರ್ವಾಪರ ತಮಗೆ ತಿಳಿದಿರಲಿಕ್ಕಿಲ್ಲ. ನಾನು ನಿವೃತ್ತ ಸರ್ವೆಯರ್. ಮೂವತ್ತೆರಡು ವರ್ಷ ಹೊಲ, ತೋಟ, ರಸ್ತೆ, ಕಾಲುವೆ, ಅಣ್ಣತಮ್ಮಂದಿರು ಮಾತು ಬಿಟ್ಟ ಸೈಟುಗಳು, ಎಲ್ಲವನ್ನೂ ಅಳೆದವನು. ನಾನು ಹಾಕಿದ ಗೆರೆಯ ಆಚೆಗೊಂದು ಈಚೆಗೊಂದು ಮನೆ ಕಟ್ಟಿಕೊಂಡು ಜನ ಇವತ್ತಿಗೂ ನೆಮ್ಮದಿಯಾಗಿ ಜಗಳವಾಡುತ್ತಿದ್ದಾರೆ. ಅಂಥವನು ಒಂದು ಹಲಗೆಯನ್ನು ಅಳೆಯಲಾರೆನೇ ಎಂಬ ಜಂಭದಿಂದಲೇ ನಾನು ನನ್ನ ಭಾವಮೈದುನನನ್ನು, ಎಂದರೆ ನನ್ನ ಹೆಂಡತಿಯ ಖಾಸಾ ತಮ್ಮನನ್ನು, ಬಾಗಿಲಿನಿಂದಲೇ ವಾಪಸು ಕಳಿಸಿದ್ದು. ಅವನು ಬಡಗಿ. ಹವ್ಯಾಸದ ಬಡಗಿಯಲ್ಲ, ಇಪ್ಪತ್ತು ವರ್ಷದಿಂದ ಅದೇ ಕಸುಬು. ಅವನು ಬೆನ್ನ ಹಿಂದೆ ನನ್ನನ್ನು 'ಅಳತೆ ಭಾವ' ಎಂದು ಕರೆಯುವುದು ನನಗೆ ಗೊತ್ತಿದ್ದರೂ ಅದನ್ನು ಇಷ್ಟು ದಿನ ಬಿರುದೆಂದೇ ತಿಳಿದಿದ್ದೆ.

ಇನ್ನು ಈ ಉಪದ್ವ್ಯಾಪಕ್ಕೆ ನಾನೇಕೆ ಇಳಿದೆ ಎಂಬುದನ್ನೂ ತಮ್ಮ ಅವಗಾಹನೆಗೆ ತರಬೇಕು. ನನ್ನ ಹೆಂಡತಿಯ ಬಲಭುಜ ಎರಡು ವರ್ಷದಿಂದ ನೋಯುತ್ತಿದೆ. ಮೊದಲು ಜಡೆ ಹಾಕಿಕೊಳ್ಳುವಾಗ ನೋಯುತ್ತಿತ್ತು, ಆಮೇಲೆ ಬಟ್ಟೆ ಒಣಗಿಸುವಾಗ, ಈಗ ಸುಮ್ಮನೆ ಕೂತಿದ್ದರೂ ನೋಯುತ್ತದೆ. ಅವಳು ಹೇಳುವವಳಲ್ಲ. ಪಾತ್ರೆ ಕೈಜಾರಿ ಬಿದ್ದ ಸದ್ದಿನಿಂದ ನಾವು ತಿಳಿದುಕೊಳ್ಳಬೇಕು. ಡಾಕ್ಟರು ಫೋಟೋ ತೆಗೆಸಿ ನೋಡಿ, ಭುಜದೊಳಗಿನ ನರ ಸ್ನಾಯುಗಳೆಲ್ಲ ಸವೆದಿವೆ, ಭುಜ ಎತ್ತಿ ಮಾಡುವ ಕೆಲಸ ಕಮ್ಮಿ ಮಾಡಿ, ಇಲ್ಲದಿದ್ದರೆ ಕೈ ಮೇಲೇಳುವುದೇ ನಿಂತುಹೋದೀತು ಎಂದರು. ಭುಜ ಎತ್ತುವ ಕೆಲಸವೆಂದರೆ ಅಟ್ಟದ ಮೇಲಿನ ಡಬ್ಬ ತೆಗೆಯುವುದು ಎಂದು ನನ್ನ ಬುದ್ಧಿಗೆ ಹೊಳೆಯಿತು. ಅಡುಗೆಮನೆಯ ಖಾಲಿ ಗೋಡೆಗೆ ಸೊಂಟದೆತ್ತರದ ಎರಡು ಕಪಾಟು ಮಾಡಿ, ಮೇಲಿರುವುದನ್ನೆಲ್ಲ ಕೆಳಗಿಳಿಸಿ, ಕಪಾಟಿನ ನೆತ್ತಿಗೊಂದು ದಪ್ಪ ಹಲಗೆ ಹಾಸಿ ಹೆಚ್ಚುವ ಕಟ್ಟೆ ಮಾಡಿಕೊಡುತ್ತೇನೆ ಎಂದು ಘೋಷಿಸಿದೆ. "ನನ್ನ ತಮ್ಮ ಒಂದು ವಾರದಲ್ಲಿ ಮಾಡಿಕೊಡ್ತಾನಲ್ಲ ರೀ" ಎಂದಳು. ನಾನು ಎದೆ ಸೆಟೆಸಿಕೊಂಡು ಅಂಗಡಿಗೆ ಹೋಗಿ ತಮ್ಮನ್ನು ಕರೆತಂದೆ.

ಅಲ್ಲಿಂದ ಮೂರು ತಿಂಗಳು ಅಡುಗೆಮನೆಯ ಪಾತ್ರೆಗಳು ಊಟದ ಮೇಜಿನ ಮೇಲೂ, ನಮ್ಮ ಊಟ ತೊಡೆಯ ಮೇಲೂ ನಡೆದದ್ದನ್ನು ತಾವು ಕಂಡಿಲ್ಲ. ಆದರೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಯೊಂದು ತಮ್ಮ ಕೊಠಡಿಯೊಳಗೆ ಬಂದರೆ ನಾನು ಹೊರಗೇ ನಿಲ್ಲಬೇಕಾದ ಪರಿಸ್ಥಿತಿಯನ್ನು ಕಣ್ಣಾರೆ ಕಂಡಿದ್ದೀರಿ. ಹಾಳೆಯನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ ಕತ್ತರಿಸುವಾಗ ಒಂದು ಸ್ಟೂಲಿನ ಕಾಲನ್ನೂ ತಾವು ಸೇರಿಸಿ ಕತ್ತರಿಸಿದ್ದನ್ನು ನಾನು ಮನೆಯಲ್ಲಿ ಹೇಳಿಲ್ಲ. ಆ ಸ್ಟೂಲು ಈಗ ಮೂರು ಕಾಲಿನದೆಂದೇ ಹೆಸರುವಾಸಿಯಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಟೇಪು ಹಳೆಯದು, ಸರ್ವಿಸಿನ ಕಾಲದ್ದು. ಅದರ ತುದಿಯ ಕೊಕ್ಕೆ ಹತ್ತಾರು ಸಲ ಬಿದ್ದು ಸಡಿಲವಾಗಿ, ಸೊನ್ನೆಯೆಂಬುದು ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. ಇಂಥ ಟೇಪನ್ನು ಸೊನ್ನೆಯಿಂದ ಹಿಡಿಯಬಾರದು, ಹತ್ತರ ಗೆರೆಯಿಂದ ಹಿಡಿದು, ಬೇಕಾದ ಅಳತೆಗೆ ಹತ್ತು ಕೂಡಿಸಿ ಗುರುತು ಹಾಕಬೇಕು ಎಂಬುದು ನಮ್ಮ ಇಲಾಖೆಯಲ್ಲಿ ಮೊದಲ ದಿನವೇ ಕಲಿಸುವ ಪಾಠ. ನಾನು ಮೂವತ್ತೆರಡು ವರ್ಷ ತಪ್ಪದೆ ಹತ್ತರಿಂದಲೇ ಹಿಡಿದೆ. ಹತ್ತು ಕೂಡಿಸುತ್ತಿದ್ದವನು ಮಾತ್ರ ಟೇಪಿನ ಇನ್ನೊಂದು ತುದಿಯಲ್ಲಿರುತ್ತಿದ್ದ ಚೈನ್‌ಮನ್. ಅವನು ತುಟಿ ಪಿಟಕ್ಕೆನ್ನದೆ ಪ್ರತಿ ಅಳತೆಗೂ ಹತ್ತು ಸೇರಿಸಿಕೊಂಡು ನನ್ನ ಮರ್ಯಾದೆ ಕಾಯುತ್ತಿದ್ದ. ಅವನು ನನಗಿಂತ ಒಂದು ವರ್ಷ ಮೊದಲು ನಿವೃತ್ತನಾದ. ನನ್ನ ನಿಖರತೆಯೂ ಅವನ ಜೊತೆಗೇ ಹಾರ ಹಾಕಿಸಿಕೊಂಡು ಮನೆಗೆ ಹೋಗಿತ್ತೆಂಬುದು ನನಗೆ ಆಗ ತಿಳಿಯಲಿಲ್ಲ.

ಕಪಾಟಿನ ಪಕ್ಕದ ಹಲಗೆ ಎಂಬತ್ತೆರಡು ಸೆಂಟಿಮೀಟರ್ ಇರಬೇಕಿತ್ತು. ಮೇಲಿನ ಹಲಗೆಯ ದಪ್ಪ ಮೂರು ಸೇರಿದರೆ ಎಂಬತ್ತೈದು, ಎಲ್ಲ ಅಡುಗೆಮನೆಗಳಿಗೂ ಅದೇ ಎತ್ತರ ಎಂದು ಅಂಗಡಿಯವನು ಕೊಟ್ಟ ಪುಸ್ತಿಕೆಯಲ್ಲಿತ್ತು. ನಾನು ಕನ್ನಡಕ ಏರಿಸಿ, ಹತ್ತರಿಂದ ಹಿಡಿದು, ಎಂಬತ್ತೆರಡಕ್ಕೆ ಗೆರೆ ಎಳೆದೆ. ನೇರಪಟ್ಟಿ ಬಿಗಿದೆ. ತಮ್ಮ ಗುಂಡಿ ಒತ್ತಿದೆ. ಮಾನ್ಯರೇ, ಆಗ ತಾವೊಂದು ಮಾತು ಹೇಳಬಹುದಿತ್ತು. ಬೇರೆ ದಿನಗಳಲ್ಲಿ ಕಾರಣವಿಲ್ಲದೆ ನಿಂತುಬಿಡುವ, ಗಂಟು ಸಿಕ್ಕರೆ ಮುನಿಸಿಕೊಳ್ಳುವ, ಮಧ್ಯಾಹ್ನ ಮಲಗಿದ್ದ ಪಕ್ಕದ ಮನೆಯವರು ಎದ್ದು ಬಂದು ದೂರುವಂತೆ ಕಿರುಚುವ ಖ್ಯಾತಿ ಪಡೆದಿರುವ ತಾವು, ಅವತ್ತು ಬೆಣ್ಣೆಯಲ್ಲಿ ಹೋದಂತೆ ಹೋದಿರಿ. ಅಂಥ ಸೊಗಸಾದ ಅಂಚನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಇದರ ಮೇಲೆ ಭಾವಮೈದುನನ ಉಪದೇಶವೊಂದಿತ್ತು. "ಒಂದನ್ನ ಸರಿಯಾಗಿ ಕೊಯ್ಕೊಳ್ಳಿ ಭಾವ, ಉಳಿದಿದ್ದಕ್ಕೆಲ್ಲ ಅದನ್ನೇ ಇಟ್ಟು ಗೆರೆ ಹಾಕಿ. ಪ್ರತಿಸಲ ಅಳೆಯೋಕೆ ಹೋದ್ರೆ ಒಂದೊಂದೂ ಒಂದೊಂದು ಥರ ಬರುತ್ತೆ" ಎಂದು ಅವನು ಫೋನಿನಲ್ಲಿ ಹೇಳಿದ್ದ. ಆ ಉಪದೇಶದ 'ಸರಿಯಾಗಿ' ಎಂಬ ಒಂದು ಪದವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾನು ಶ್ರದ್ಧೆಯಿಂದ ಪಾಲಿಸಿದೆ. ಹೀಗಾಗಿ ಎರಡು ಕಪಾಟಿನ ನಾಲ್ಕು ಪಕ್ಕಗಳೂ ಅವಳಿ ಜವಳಿಗಳಂತೆ ಒಂದೇ ಅಳತೆಗೆ ಬಂದವು. ಅಂಟು ಹಚ್ಚಿ, ಸ್ಕ್ರೂ ಹಾಕಿ, ಮೂಲೆಮಟ್ಟ ಇಟ್ಟು ನೋಡಿ, ಉಜ್ಜಿ ನುಣುಪು ಮಾಡಿ, ಹೆಂಡತಿ ಭುಜದ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಿದ್ದ ಒಂದು ಬೆಳಿಗ್ಗೆ, ಗೋಣಿಚೀಲದ ಮೇಲೆ ಎಳೆದುಕೊಂಡು ಹೋಗಿ ಅಡುಗೆಮನೆಯ ಗೋಡೆಗೆ ಆನಿಸಿ ಮೇಲಿನ ಹಲಗೆ ಕೂರಿಸಿದೆ. ಎಂಬತ್ತೈದಕ್ಕೆಂದು ಟೇಪಿನ ತುದಿಯನ್ನು ನೆಲಕ್ಕೆ ಊರಿ ಗೋಡೆಯ ಮೇಲೆ ನಾನೇ ಎಳೆದಿದ್ದ ಪೆನ್ಸಿಲ್ ಗೆರೆ ಹಲಗೆಗಿಂತ ಒಂದು ಅಂಗೈ ಮೇಲೆ ನಿಂತು ನನ್ನನ್ನು ನೋಡುತ್ತಿತ್ತು. ಟೇಪು ಹಿಡಿದೆ. ಎಪ್ಪತ್ತೈದು. ಮತ್ತೆ ಹಿಡಿದೆ. ಆ ಟೇಪಿಗೂ ತಮ್ಮ ಹಾಗೆಯೇ ದಯೆ ದಾಕ್ಷಿಣ್ಯ ಇಲ್ಲ.

ನಾನು ಮಾಡಿದ್ದನ್ನು ಮರೆಮಾಚುವುದಿಲ್ಲ, ಏಕೆಂದರೆ ತಾವೇ ಸಾಕ್ಷಿ. ಆ ಕ್ಷಣವೇ ಕೊಠಡಿಗೆ ಓಡಿಬಂದು, ಉಳಿದ ತುಂಡುಗಳಿಂದ ಹತ್ತು ಸೆಂಟಿಮೀಟರ್ ಎತ್ತರದ ಪೀಠವೊಂದನ್ನು ತಮ್ಮಿಂದ ಕತ್ತರಿಸಿಕೊಂಡು ಮೊಳೆ ಹೊಡೆದು ಜೋಡಿಸಿದೆ. ಅದನ್ನು ಒಂದು ಕಪಾಟಿನ ಕೆಳಗೂ, ಅಂಥದೇ ಇನ್ನೊಂದನ್ನು ಮತ್ತೊಂದರ ಕೆಳಗೂ ತೂರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೀಠ ಹಿಡಿದು ಒಳಗೆ ಹೋಗುವಷ್ಟರಲ್ಲಿ ಅವಳು ಬಂದಾಗಿತ್ತು. ಕಪಾಟಿನ ಮೇಲೆ ಮಣೆ ಇಟ್ಟುಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಪೀಠವನ್ನು ಬೆನ್ನ ಹಿಂದೆ ಹಿಡಿದು ಬಾಗಿಲಲ್ಲೇ ನಿಂತೆ. ಅವಳು ಒಂದು ಸೌತೆಕಾಯಿ ಮುಗಿಸಿದಳು, ಬೇಕಿಲ್ಲದಿದ್ದರೂ ಇನ್ನೊಂದು ತೆಗೆದುಕೊಂಡಳು, ಅದನ್ನೂ ಮುಗಿಸಿದಳು. ಆಮೇಲೆ ತಿರುಗಿ, "ಭುಜ ಎತ್ತದೇನೇ ಕೈ ಆಡ್ತಿದೆ ರೀ" ಎಂದಳು. ಚಾಕುವನ್ನು ಮಣೆಯ ಮೇಲಿಟ್ಟು, "ನನ್ನ ಅಳತೆ ಯಾವಾಗ ತಗೊಂಡ್ರಿ?" ಎಂದಳು.

ಮಾನ್ಯರೇ, ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪಿಲ್ಲ. ನಮ್ಮ ಹಳೆಯ ಅಡುಗೆಕಟ್ಟೆ ಎಂಬತ್ತೆಂಟು ಸೆಂಟಿಮೀಟರ್ ಇದೆ. ಅದನ್ನು ಕಟ್ಟಿದ ಮೇಸ್ತ್ರಿ ಆರಡಿ ಆಳು, ಪಕ್ಕದಲ್ಲಿ ನಿಂತು ಸರಿಯಾಗಿದೆ ಎಂದು ತಲೆಯಾಡಿಸಿದ ನಾನೂ ಐದಡಿ ಹತ್ತು. ಅವಳು ನನ್ನ ಭುಜಕ್ಕೂ ಬರುವುದಿಲ್ಲ. ಮೂವತ್ತೊಂದು ವರ್ಷ ಅವಳು ಭುಜ ಎತ್ತಿಕೊಂಡೇ ಹೆಚ್ಚಿದ್ದಾಳೆ, ಕಲಸಿದ್ದಾಳೆ, ತಿಕ್ಕಿದ್ದಾಳೆ. ಡಾಕ್ಟರು ಹೇಳಿದ್ದು ಅಟ್ಟದ ಡಬ್ಬದ ಕತೆಯಲ್ಲ, ಈ ಕಟ್ಟೆಯ ಕತೆ. ಅರ್ಧ ಊರಿನ ಸರ್ವೆ ನಂಬರು ಬಾಯಿಪಾಠವಿರುವ ನನಗೆ ನನ್ನ ಹೆಂಡತಿ ಎಷ್ಟು ಎತ್ತರವೆಂದು ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಯಾದವನು ಬಾಯಿ ಬಿಟ್ಟು ನಿಜ ಹೇಳಬೇಕಿತ್ತು. ನಾನು ಹಲ್ಲು ಗಿಂಜಿ, "ಹಾಗೇ, ಕಣ್ಣಳತೆ" ಎಂದೆ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಬಂದು ಪೀಠವನ್ನು ಗೋಣಿಚೀಲದ ಕೆಳಗೆ ಬಚ್ಚಿಟ್ಟೆ.

ಆ ಎರಡು ಪದಗಳು ಎಲ್ಲಿಗೆ ತಂದು ನಿಲ್ಲಿಸಿವೆ ನೋಡಿ. ಅವಳು ತನ್ನ ಅಕ್ಕನಿಗೆ ಫೋನು ಮಾಡಿ ಹೇಳಿದಳು. ಡಾಕ್ಟರಿಗೆ ಹೇಳಿದಳು, ಅವರು "ನಿಮ್ಮ ಯಜಮಾನರು ತಿಳಿದವರು" ಎಂದರಂತೆ. ಭಾವಮೈದುನ ಬಂದು, ಕಪಾಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಗೇಣು ಹಾಕಿ, ಗೋಡೆಯ ಮೇಲೆ ನಾನು ಅಳಿಸಲು ಮರೆತಿದ್ದ ಪೆನ್ಸಿಲ್ ಗೆರೆಯನ್ನು ಒಂದು ನಿಮಿಷ ನೋಡಿ, "ಅಕ್ಕನ ಅಳತೆ ಚೆನ್ನಾಗಿ ತಗೊಂಡಿದೀರ ಭಾವ" ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅವಳು ಮಾತ್ರ ದಿನಾ ಆ ಕಟ್ಟೆಯ ಮುಂದೆ ನಿಂತಾಗ ಒಮ್ಮೆ ನನ್ನ ಕಡೆ ತಿರುಗಿ ನಗುತ್ತಾಳೆ. ಆ ನಗುವನ್ನು ಬೇರೆ ಯಾರದೋ ಹೆಸರಿಗೆ ಬಂದ ಕಾಗದ ಒಡೆದು ಓದಿದವನ ಹಾಗೆ ನಾನು ತೆಗೆದುಕೊಳ್ಳುತ್ತಿದ್ದೇನೆ. ಇದು ಹೀಗೇ ನಡೆದರೆ ನಾನು ಅಡುಗೆಮನೆಯ ಕಡೆ ಹೋಗುವುದನ್ನೇ ಬಿಡಬೇಕಾಗುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ. ಇನ್ನು ಮುಂದೆ ನಾನು ಗುಂಡಿ ಒತ್ತಿದ ಕೂಡಲೇ ತಿರುಗದೆ, ಟೇಪನ್ನು ಎಲ್ಲಿಂದ ಹಿಡಿದಿರಿ ಎಂದು ಒಂದು ಮಾತು ಕೇಳುವ ಅಭ್ಯಾಸ ಮಾಡಿಕೊಳ್ಳುವುದು. ಅದು ಕಷ್ಟವಾದರೆ, ಕೊಯ್ದದ್ದನ್ನು ಹಿಮ್ಮುಖವಾಗಿ ತಿರುಗಿ ಮತ್ತೆ ಕೂಡಿಸುವ ವಿದ್ಯೆ ಕಲಿಯುವುದು. ಅದಕ್ಕೂ ತಮ್ಮ ತಯಾರಕರ ಒಪ್ಪಿಗೆ ಇಲ್ಲವೆಂದಾದರೆ, ಕನಿಷ್ಠಪಕ್ಷ ನನ್ನ ಪರವಾಗಿ ತಾವೇ ಅಡುಗೆಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು. ತಮ್ಮ ವೈರು ಅಷ್ಟು ದೂರ ಬರುವುದಿಲ್ಲವೆಂದು ನನಗೆ ಗೊತ್ತು. ನನ್ನ ಧೈರ್ಯವೂ ಅಷ್ಟು ದೂರ ಬರುವುದಿಲ್ಲ. ಹಾಗಾಗಿಯೇ ಮುಖ ಕೊಟ್ಟು ಹೇಳಲಾರದ್ದನ್ನು ತಮ್ಮ ಹೆಸರಿಗೆ ಬರೆದು ಈ ಕೊಠಡಿಯ ಬಾಗಿಲಿಗೆ, ಹೊರಮೈಗೆ, ಅಂಟಿಸುತ್ತಿದ್ದೇನೆ. ಬಟ್ಟೆ ಒಣಗಿಸಲು ಹೋಗುವವರು ಈ ಬಾಗಿಲು ದಾಟಿಯೇ ಹೋಗಬೇಕು. ಕಾಗದವನ್ನು ನನ್ನ ಎದೆಮಟ್ಟಕ್ಕೆ ಹಚ್ಚಿದ್ದೇನೆ, ಓದಬೇಕಾದವರಿಗೆ ಅದು ಕಣ್ಣಿನ ಮಟ್ಟ. ಈ ಸಲ ಕಣ್ಣಳತೆಯಲ್ಲ, ಟೇಪು ಹಿಡಿದು, ಹತ್ತು ಕೂಡಿಸಿಯೇ ಹಚ್ಚಿದ್ದು.

ಕೊಯ್ಯುವ ಮೊದಲು ನಾನು ಅವಳನ್ನು ಅಳೆಯಲಿಲ್ಲ. ಕೇಳಲೂ ಇಲ್ಲ. ಕಪಾಟು ಸರಿಹೊಂದಿದ್ದು ನನ್ನಿಂದಲ್ಲ, ನನ್ನ ತಪ್ಪಿನಿಂದ. ಇದನ್ನು ತಮ್ಮ ಗಮನಕ್ಕೆ ತಂದು, ನನ್ನ ದೂರನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೋರುತ್ತೇನೆ.

ಎಂದಿನಂತೆ, ಆದರೆ ಹತ್ತು ಸೆಂಟಿಮೀಟರ್ ಕಡಿಮೆ ಜಂಭದ,
ತಮ್ಮ ವಿಶ್ವಾಸಿ,
ನಿವೃತ್ತ ಸರ್ವೆಯರ್, ಹಾಲಿ ಕಲಿಕೆಯ ಬಡಗಿ

ಮರೆತ ಮಾತು: ಪತ್ರ ಅಂಟಿಸಿ ಒಂದು ವಾರವಾಯಿತು. ತಮ್ಮಿಂದ ಉತ್ತರವಿಲ್ಲ. ಬೇರೆ ಕಡೆಯಿಂದ ಬಂದಿದೆ. ಅವಳು ಒಣಗಿದ ಬಟ್ಟೆ ತೋಳಿಗೆ ಹಾಕಿಕೊಂಡು ಪೂರ್ತಿ ನಿಂತು ಓದಿ, ಒಳಗೆ ಹೋಗಿ, ಚಾಕು ತಂದು ನನ್ನ ಕೈಗಿಟ್ಟಳು. ಅಂದಿನಿಂದ ತರಕಾರಿ ಹೆಚ್ಚುವುದು ನಾನು. ಆ ಹೊಸ ಕಟ್ಟೆ ನನಗೆ ತೀರಾ ತಗ್ಗು, ಮೂರನೇ ದಿನಕ್ಕೇ ಸೊಂಟ ಹಿಡಿದುಕೊಂಡಿತು. ಗೋಣಿಚೀಲದ ಕೆಳಗಿನ ಪೀಠವನ್ನು ಹುಡುಕಿದರೆ ಸಿಗಲಿಲ್ಲ. ಅವಳು ಅದನ್ನು ಹಳೆಯ ಕಟ್ಟೆಯ ಮುಂದೆ ಹಾಕಿಕೊಂಡು, ಅದರ ಮೇಲೆ ನಿಂತು ಒಲೆ ಹಚ್ಚುತ್ತಿದ್ದಾಳೆ. ಇಷ್ಟು ಬಗ್ಗಿ ನಿಂತು ಕೆಲಸ ಮಾಡುವುದು ಹೇಗೆ ಎಂದು ನಾನು ದೂರಿದ್ದಕ್ಕೆ, ಅವಳು ಒಗ್ಗರಣೆಯಿಂದ ಕಣ್ಣೆತ್ತದೆ ಹೇಳಿದಳು: "ಮೂವತ್ತೊಂದು ವರ್ಷ ಹೆಚ್ಚಿ ರೀ, ಅಭ್ಯಾಸ ಆಗುತ್ತೆ."